ನೀಲಗಂಗಜ್ಜಿಯ ತುಪ್ಪದ ಮಾತು

ಗದಗ, ಫೆಬ್ರವರಿ ೩೧, ೨೧೮೭

ಪೂಜ್ಯ ನೀಲಗಂಗಜ್ಜಿಯವರಿಗೆ, ನಿಮ್ಮ ಮನೆತನದ ಸೊಸೆ ಮಂದಾಕಿನಿಯ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ದಿನಗಳು ಹೆಚ್ಚಾದವು, ಬಿಡುವು ಹೆಚ್ಚಾಗಲಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಕಾಲದವರು ಫೋನಿನಲ್ಲಿ ಬಿಟ್ಟುಹೋದ ದನಿಗಳನ್ನು ನಾವು ಅಡುಗೆಮನೆಯ ಗೋಡೆಯೊಳಗೆ ಇಟ್ಟುಕೊಂಡಿದ್ದೇವೆ. ಅದಕ್ಕೆ ‘ಹಿರಿದನಿ’ ಎನ್ನುತ್ತಾರೆ. ಊಟಕ್ಕೆ ಕೂತಾಗ ಒಬ್ಬ ಹಿರಿಯರ ಮಾತು ಕೇಳಿ, ಅದರಂತೆ ಬಡಿಸುವುದು ಪದ್ಧತಿ. ಈ ಮನೆಯಲ್ಲಿ ದಿನಾ ನಿಮ್ಮದೇ ದನಿ. ನಿಮ್ಮ ಮಗನ ಮೈಮೇಲೆ ಸೋರಿಯಾಸಿಸ್ ಎಂಬ ಚರ್ಮರೋಗ ಎದ್ದಾಗ ನೀವು ನಿಮ್ಮ ಸೊಸೆಗೆ ಕಳಿಸಿದ ವಾಯ್ಸ್ ಮೆಸೇಜು: “ಮೈ ಒಣಗೇತಿ ಅವಂದು. ಒಳಗ ಜಿಡ್ಡು ಬಿದ್ದರ ಹೊರಗ ಮೆತ್ತಗಾಗತೈತಿ. ತುಪ್ಪ ಹಾಕುವಾಗ ಕೈ ಬಿಗಿ ಹಿಡೀಬ್ಯಾಡವಾ.” ಮಮತೆಯ ಮಾತೇ, ಇಲ್ಲವೆನ್ನುವುದಿಲ್ಲ.

ನನ್ನ ಮಗಳು ಇಂಚರಳಿಗೂ ಅದೇ ರೋಗ. ಮೊಣಕೈ, ಬೆನ್ನು, ತಲೆಯಿಂದ ಬಿಳಿ ಹೊಟ್ಟು ಉದುರುತ್ತದೆ. ಆ ಉರಿಯೂತ ಚರ್ಮದಲ್ಲಷ್ಟೇ ಇರುವುದಿಲ್ಲ ಅಜ್ಜಿ, ಮೈಯೊಳಗೂ ಇರುತ್ತದೆ. ಇಂಥವರ ಲಿವರಿನಲ್ಲಿ ಕೊಬ್ಬು ಕೂರುವುದು ಉಳಿದವರಿಗಿಂತ ಹೆಚ್ಚು. ತೂಕ ಏರಿದರೆ ಇನ್ನೂ ಹೆಚ್ಚು. ಇದು ನಿಮ್ಮ ಕಾಲದ ವೈದ್ಯರಿಗೂ ಗೊತ್ತಿತ್ತು. ನಮ್ಮ ಬಾಗಿಲಲ್ಲಿ ‘ಒಳಗನ್ನಡಿ’ ಇದೆ, ಎದುರು ನಿಂತರೆ ಹೊಟ್ಟೆಯೊಳಗನ್ನು ತೋರಿಸುತ್ತದೆ. ಹೋದ ವಾರ ಅದು ಇಂಚರಳ ಲಿವರು ಗಟ್ಟಿಯಾಗತೊಡಗಿದ್ದನ್ನು ತೋರಿಸಿತು. ಈಗಲೇ ತೂಕ ಇಳಿಸಿದರೆ ಸುಧಾರಿಸೀತು, ತಡವಾದರೆ ಕಷ್ಟ ಎಂದರು ವೈದ್ಯರು. ನನ್ನ ಅತ್ತೆ ಅದನ್ನು ಕೇಳಿ ಕಣ್ಣೀರು ಹಾಕಿದರು. ಸಂಜೆ ನಿಮ್ಮ ದನಿ ಹಾಕಿ, ಇಂಚರಳ ತಟ್ಟೆಯ ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದರು.

ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಈಗ ಅತ್ತೆಯ ಮೇಲೆ ಸಿಟ್ಟೂ ಬರುವುದಿಲ್ಲ, ಬರೀ ದಣಿವು. ಇಂಚರಳೋ, ತನ್ನ ಅಜ್ಜಿಯ, ಅಂದರೆ ನನ್ನ ಅತ್ತೆಯ, ಮನಸ್ಸು ನೋಯಬಾರದೆಂದು ತಟ್ಟೆ ಖಾಲಿ ಮಾಡುತ್ತಾಳೆ. ಹೊಟ್ಟೆಯೊಳಗನ್ನು ತೋರಿಸುವ ಕನ್ನಡಿ ಕಟ್ಟಿದ ಜನ ನಾವು, ಒಂದು ಸೌಟನ್ನು ತಡೆಯಲಾಗಲಿಲ್ಲ.

ಸೊಸೆಯಾದ ನನ್ನ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ, ನಿಮ್ಮದು ನಡೆಯುತ್ತದೆ. ಅದಕ್ಕೇ ಬೇಡುತ್ತಿದ್ದೇನೆ. ನಿಮ್ಮ ಸೊಸೆಗೆ ಇನ್ನೊಂದು ಮೆಸೇಜು ಕಳಿಸಿ, ಅದೂ ನಮ್ಮ ಗೋಡೆಗೆ ಬಂದು ಸೇರುತ್ತದೆ. ಚರ್ಮದ ಡಾಕ್ಟರ ಹತ್ತಿರ ಹೋದಾಗ ಲಿವರನ್ನೂ ತಪಾಸಣೆ ಮಾಡಿಸು, ತುಪ್ಪ ಕಡಿಮೆ ಮಾಡು ಎನ್ನಿ. ನಿಮ್ಮ ಮಗನಿಗೂ ಒಳ್ಳೆಯದಾಗುತ್ತದೆ. ಗದರಬೇಡಿ, ಮುದ್ದಿನ ದನಿಯಲ್ಲೇ ಹೇಳಿ. ನನ್ನ ಅತ್ತೆ ಕೇಳುವುದು ಅದನ್ನೇ. ಕೊನೆಗೆ “ಇಂಚರಾ, ಸಾಕು ಅಂತ ಹೇಳವಾ” ಎಂದು ಸೇರಿಸಿ. ಅದು ಯಾರ ಹೆಸರೆಂದು ನಿಮ್ಮ ಸೊಸೆ ಕೇಳಿದರೆ, ಮುಂದೆ ಹುಟ್ಟುವವಳು, ಬದುಕಬೇಕಾದವಳು ಎನ್ನಿ.