ಸೋಮವಾರ ತೆಗೆಯಬೇಕಿದ್ದ ಕಡತ

ಏಳನೇ ಓಣಿ, ನೆಲಮನೆ, ರಾಯಚೂರು
ಫೆಬ್ರವರಿ ೩೦, ೨೨೧೪

ವ. ಹಂ. ಅವರಿಗೆ,

ತಾರೀಖು ತಪ್ಪಿಲ್ಲ. ನಿಮ್ಮ ಕಾಲದ ನಂತರ ಯಾರೋ ಪುಣ್ಯಾತ್ಮರು ಕ್ಯಾಲೆಂಡರ್ ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿದ್ದೆಗೆಟ್ಟ ತಾಯಂದಿರಿಗೆ ಎರಡು ದಿನ ಹೆಚ್ಚು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಕಡತವೊಂದರ ತಲೆಯ ಮೇಲೆ ಈ ಎರಡು ಅಕ್ಷರ ಬಿಟ್ಟು ಹೋಗಿದ್ದೀರಿ, ಅವನ್ನೇ ಹಿಡಿದುಕೊಂಡು ಬೈಯಬೇಕಾಗಿದೆ.

ವರ್ಷದ ಎಂಟು ತಿಂಗಳು ನಾವು ನೆಲಮನೆಯಲ್ಲಿ, ಅಂದರೆ ಬಿಸಿಲು ತಾಗದಂತೆ ನೆಲದಡಿ ಕಟ್ಟಿದ ಓಣಿಗಳಲ್ಲಿ ಇರುತ್ತೇವೆ. ಮೇಲಿನಿಂದ ತಂಪು ಗಾಳಿ ಇಳಿಸಿ ಮನೆಮನೆಗೆ ಹಂಚುವ ಪ್ರೋಗ್ರಾಮಿಗೆ ಗಾಳಿಗಾರ ಎಂದು ಹೆಸರು. ಮೇಲೆ ಹೊಸ ಬಟ್ಟೆ ಎಷ್ಟೋ ತೊಡಿಸಿದ್ದಾರೆ, ಒಳಗಿನ ಎಲುಬು ಮಾತ್ರ ಜಾವಾ ಎಂಬ ಹಳೆಯ ಯಂತ್ರಭಾಷೆಯಲ್ಲಿ ನೀವು ಬರೆದದ್ದೇ. ನಡೆಯುತ್ತಿರುವುದನ್ನು ಮುಟ್ಟಬಾರದೆಂಬ ಪದ್ಧತಿ ನಿಮ್ಮ ಕಾಲದಿಂದ ಹಾಗೇ ಬಂದಿದೆ. ಗಾಳಿಗಾರ ತನ್ನ ತೊಂದರೆಗಳನ್ನು ಬರೆದಿಡಬೇಕಾದ ಲಾಗ್ ಸದಾ ಖಾಲಿ. ಪ್ರತಿ ಯುಗಾದಿಗೆ ಗಾಳಿ ಮೇಸ್ತ್ರಿ ಅದನ್ನು ಓಣಿಯವರ ಮುಂದೆ ತೆರೆದು ತೋರಿಸುತ್ತಾರೆ, ನಾವು ಕೈಮುಗಿದು ಬೇವುಬೆಲ್ಲ ತಿನ್ನುತ್ತೇವೆ. ಖಾಲಿ ಎಂದರೆ ಎಲ್ಲ ಕ್ಷೇಮ.

ನನ್ನ ಮಗಳು ಚಂಪಾವತಿಗೆ ನಾಲ್ಕು ತಿಂಗಳು. ಒಂದೂವರೆ ತಿಂಗಳಿಂದ ಮಧ್ಯಾಹ್ನದ ಹೊತ್ತು ಅವಳ ತೊಟ್ಟಿಲ ಮೂಲೆ ಕಾದ ಹಂಚಿನಂತಾಗುತ್ತದೆ. ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ, ಬೆನ್ನಿಗೆ ಅಂಟಿದ ಅಂಗಿ, ಅತ್ತೂ ಅತ್ತೂ ಒಣಗಿದ ತುಟಿ. ಗೋಡೆಯ ಫಲಕದಲ್ಲಿ ಮಾತ್ರ ಇಪ್ಪತ್ತಾರು ಡಿಗ್ರಿ. ದೂರು ಕೊಟ್ಟೆ. ಮೇಸ್ತ್ರಿ ಹಂಪಯ್ಯ ಬರುವುದು ಬೆಳಿಗ್ಗೆ, ಆಗ ತಂಪಾಗಿಯೇ ಇರುತ್ತದೆ. ಲಾಗ್ ತೆರೆದು ತೋರಿಸಿದರು.

"ಲಾಗಿನಾಗ ಏನೂ ಇಲ್ಲವ್ವಾ ದಾಕ್ಷಾಯಣಿ. ಆಗಿದ್ರ ಬರೀತಿತ್ತು. ಬರದಿಲ್ಲಾಂದ್ರ ಆಗಿಲ್ಲ. ನೀ ಒಂದೀಟು ಮಲಕ್ಕೊ."

ನನ್ನ ಅತ್ತೆ ಸೂಗಮ್ಮ ಮೂಲೆಯಿಂದಲೇ ಅಂದರು: "ನನ್ನ ಸೊಂಟನೋವೂ ಅದರಾಗ ಬರದಿಲ್ಲೇನೋ ಹಂಪಯ್ಯಾ? ಹಂಗಾರ ಇವತ್ತಿಂದ ನನಗ ನೋವಿಲ್ಲ ಬಿಡು."

ನಮ್ಮಲ್ಲೊಂದು ನಿಯಮವಿದೆ. ಖಾಲಿ ಲಾಗ್‌ನ ಮೇಲೆ ಮೂರು ದೂರು ಬಂದರೆ ತಾಯಿಗೆ ವಿಶ್ರಾಂತಿ ಬೇಕೆಂದು ತೀರ್ಮಾನಿಸಿ, ಕೂಸನ್ನು ಹದಿನೈದು ದಿನ ಓಣಿಯ ಕೂಸುಮನೆಗೆ ಒಯ್ಯುತ್ತಾರೆ. ನನ್ನವು ಎರಡು ಮುಗಿದಿದ್ದವು. ಕೂಸುಮನೆಗೂ ಗಾಳಿ ಹಂಚುವುದು ಇದೇ ಗಾಳಿಗಾರ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಕಾಲೇಜಿನಲ್ಲಿ ಹಳೆಯ ಯಂತ್ರಭಾಷೆಗಳನ್ನು ಓದಿದವಳು ನಾನು. ಹಂಪಯ್ಯನವರನ್ನು ಕಾಡಿ ಬೇಡಿ, ಮನೆಯ ಪರದೆಯಿಂದಲೇ ಗಾಳಿಗಾರನ ಒಳಗೆ ಹೋಗಲು ಅನುಮತಿ ಪಡೆದೆ. "ತಿದ್ದು, ಆದ್ರ ಏನೂ ಅಳಿಸಬ್ಯಾಡ" ಎಂದರು. ಲಾಗ್ ಬರೆಯುವ ಲೈಬ್ರರಿಗೆ, ಅಂದರೆ ಆ ಕೆಲಸಕ್ಕೆಂದೇ ಜೋಡಿಸಿದ ಸಿದ್ಧ ತುಣುಕಿಗೆ, ಎಷ್ಟು ಮಾತಾಡಬೇಕೆಂದು ಹೇಳುವ ಕಡತ ಪ್ರೋಗ್ರಾಮಿನ ಹೊರಗೇ ಇತ್ತು. ಎರರ್ ಎಂದರೆ ಕೈಮೀರಿದಾಗ ಮಾತ್ರ ಬಾಯಿಬಿಡುವುದು. ವಾರ್ನ್ ಎಂದರೆ ಜೋಕೆ ಎನ್ನುವುದು. ಡೀಬಗ್ ಎಂದರೆ ನಮ್ಮತ್ತೆಯ ಹಾಗೆ ಒಂದನ್ನೂ ಬಿಡದೆ ಹೇಳುವುದು. ಡೀಬಗ್‌ಗೆ ಏರಿಸಿ ಮತ್ತೆ ಚಾಲೂ ಮಾಡಿದೆ. ಮೌನ. ಬರೆಯಲು ಜಾಗವಿದೆಯೇ ನೋಡಿದೆ, ಇತ್ತು. ಅನುಮತಿ ಇದೆಯೇ ನೋಡಿದೆ, ಇತ್ತು. ಒಂದೊಂದು ವಿಭಾಗದ ಹೆಸರನ್ನೂ ಬೇರೆ ಬೇರೆ ಬರೆದು ಮಟ್ಟ ಏರಿಸಿದೆ. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ನಿಮ್ಮ ಕಡತ, ಒಂಬತ್ತು ದಿನ. ಎರಡರಲ್ಲಿ ಒಂದು ಅಳು ನಿಲ್ಲಿಸುತ್ತಿಲ್ಲ, ಇನ್ನೊಂದು ಬಾಯಿ ಬಿಡುತ್ತಿಲ್ಲ. ಇದನ್ನು ನೋಡಿ ತಾಳಲಾರದೆ ನಮ್ಮತ್ತೆ ಸಿಟ್ಟಿನಲ್ಲಿ ಹೋಗಿ ಮೂರನೆಯ ದೂರನ್ನು ತಾವೇ ಕೊಟ್ಟು ಬಂದರು. ಮರುದಿನ ಸಂಜೆ ಕೂಸನ್ನು ಒಯ್ಯುತ್ತೇವೆಂದು ಕೂಸುಮನೆಯವರು ಹೇಳಿ ಕಳಿಸಿದರು.

ಆ ಮರುದಿನ ಮಧ್ಯಾಹ್ನ ಹಾಲೂಡಿಸುತ್ತ ಕೀಲಿಮಣೆಯ ಮೇಲೆ ತೂಕಡಿಸಿದೆ. ಮೊಣಕೈ ಒತ್ತಿ ಕಡತದ ನಡುವೆ ನಾಲ್ಕು ಸಾಲು ಕಸ ಬಿದ್ದಿದ್ದು ಕಾಣದೆ, ನಿದ್ದೆಗಣ್ಣಲ್ಲೇ ಅದನ್ನು ಸೇವ್ ಮಾಡಿ ಗಾಳಿಗಾರನನ್ನು ಚಾಲೂ ಮಾಡಿದೆ. ಕಸ ಕಣ್ಣಿಗೆ ಬಿದ್ದದ್ದು ಆಮೇಲೆ. ತೆರೆದ ಒಂದು ಗುರುತನ್ನು ಮುಚ್ಚಲು ಮರೆತರೂ ರಂಪ ಮಾಡುವ ಲೈಬ್ರರಿ ಅದು. ಇಷ್ಟು ಕಸ ನುಂಗಿಯೂ ಸುಮ್ಮನಿತ್ತು. ನುಂಗಿರಲಿಲ್ಲ, ನೋಡಿಯೇ ಇರಲಿಲ್ಲ. ಒಂಬತ್ತು ದಿನ ನಾನು ತಿದ್ದಿದ ಕಡತವನ್ನು ಅದು ಒಮ್ಮೆಯೂ ತೆರೆದಿರಲಿಲ್ಲ.

ಚಾಲೂ ಮಾಡುವ ಆಜ್ಞೆಗೆ ಒಂದು ತುಣುಕು ಸೇರಿಸಿ, ಯಾವ ಕಡತ ಓದಿದ್ದೀಯೆಂದು ಲೈಬ್ರರಿಯನ್ನೇ ಕೇಳಿದೆ. ಹೇಳಿತು. ಜಾರ್‌ನ ಹೊಟ್ಟೆಯಲ್ಲಿ, ಅಂದರೆ ನೀವು ಪ್ರೋಗ್ರಾಮನ್ನೆಲ್ಲ ಕಟ್ಟಿಟ್ಟ ಗಂಟಿನೊಳಗೆ, ಹೆಸರಿನಲ್ಲೇ ಟೆಸ್ಟ್ ಎಂದಿರುವ ಇನ್ನೊಂದು ಕಡತ. ಲೈಬ್ರರಿ ಮೊದಲು ಹುಡುಕುವುದು ಅದನ್ನೇ. ಸಿಕ್ಕಿದರೆ ಮುಂದೆ ಹುಡುಕುವುದಿಲ್ಲ. ಅದರಲ್ಲಿ ಮಾತಿನ ಮಟ್ಟ: ಆಫ್. ಮೇಲೆ ನಿಮ್ಮದೇ ಟಿಪ್ಪಣಿ: "ಟೆಸ್ಟ್ ಮಾಡುವಾಗ ಸ್ಕ್ರೀನ್ ತುಂಬಾ ಬರ್ತಿದೆ, ಸದ್ಯಕ್ಕೆ ಆಫ್. ಸೋಮವಾರ ತೆಗೀಬೇಕು. ವ. ಹಂ."

ಸ್ವಾಮಿ, ಅಲ್ಲಿಂದೀಚೆಗೆ ಒಂಬತ್ತು ಸಾವಿರದ ಎಂಟುನೂರು ಚಿಲ್ಲರೆ ಸೋಮವಾರಗಳು ಬಂದು ಹೋಗಿವೆ. ನಿಮ್ಮದು ಯಾವುದು?

ಹಂಪಯ್ಯನವರನ್ನು ಕರೆಸಿದೆ. ಬೆವರಿಳಿಸುತ್ತ ಬಂದು ಬಾಗಿಲಲ್ಲೇ ನಿಂತರು. "ನೂರಾ ಎಂಬತ್ತೆಂಟು ವರ್ಷ ಯಾರೂ ಮುಟ್ಟಿಲ್ಲ. ನಾ ಹೆಂಗ ಅಳಸು ಅನ್ಲಿ?"

"ಅದನ್ನ ಮುಟ್ಟಬ್ಯಾಡ್ರಿ ಅಣ್ಣಾ. ಇಕಿನ್ನ ಹಿಡ್ಕೋರಿ" ಎಂದು ಕೂಸನ್ನು ತೊಟ್ಟಿಲಿಂದೆತ್ತಿ ಅವರ ಕೈಗೆ ಕೊಟ್ಟೆ. ಅವರ ಅಂಗೈ ಅವಳ ಬೆನ್ನ ಮೇಲಿತ್ತು. ಒದ್ದೆ ಅಂಗಿ, ಒಳಗೆ ಕಾಯುತ್ತಿದ್ದ ಮೈ. ಫಲಕ ನೋಡಿದರು, ಕೂಸನ್ನು ನೋಡಿದರು. "ತಗಿ" ಎಂದರು.

ತೆಗೆದೆ. ಹೊರಗಿನ ಕಡತದ ಕಸ ಬಳಿದು ಚಾಲೂ ಮಾಡಿದೆ. ಲಾಗ್‌ನಲ್ಲಿ ಮೊದಲ ಸಾಲು ಮೂಡಿತು, ನಮ್ಮ ಮನೆಯ ನಂಬರಿನೊಂದಿಗೆ: "ಸೆನ್ಸರ್ ಮಾತಾಡ್ತಿಲ್ಲ. ಕೊನೇ ಸಲ ಅದು ಹೇಳಿದ್ದನ್ನೇ ತೋರಿಸ್ತಿದ್ದೀನಿ. ನಂಬಬೇಡಿ." ಆ ಹಳೆಯ ಇಪ್ಪತ್ತಾರನ್ನೇ ನಂಬಿ ಗಾಳಿಗಾರ ಮಧ್ಯಾಹ್ನವೂ ತಂಪು ಹೆಚ್ಚಿಸಿರಲಿಲ್ಲ. ಆ ಸಾಲಿನ ಕೆಳಗೆ ಪಕ್ಕದ ಮನೆ. ಅದರ ಕೆಳಗೆ ಇನ್ನೂ ನಾಲ್ಕು. ಏಳನೆಯ ಸಾಲು ಕೂಸುಮನೆಯದು, ಹನ್ನೊಂದು ತೊಟ್ಟಿಲಿರುವ ಕೋಣೆ. ಹಂಪಯ್ಯ ಕೂಸನ್ನು ನನ್ನ ಕೈಗಿಟ್ಟು ಕೂಸುಮನೆಯತ್ತ ಓಡಿದರು. ಸಂಜೆ ಕೂಸುಮನೆಯಿಂದ ಯಾರೂ ಬರಲಿಲ್ಲ. ಅಲ್ಲಿಯ ಕೂಸುಗಳೇ ಒಂದೊಂದಾಗಿ ಮನೆಗೆ ಹೊರಟಿದ್ದವು.

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ನಿಮಗೆ ಗೊತ್ತಿತ್ತು. ಎಂದೋ ಒಂದು ದಿನ ಸೆನ್ಸರ್ ಸಾಯುತ್ತದೆ, ಆಗ ಯಾರೋ ಓದುತ್ತಾರೆ ಎಂದು ನೆನೆದು, ನಂಬಬೇಡಿ ಎಂದು ತಿಳಿಯುವ ಕನ್ನಡದಲ್ಲಿ ಬರೆದಿದ್ದಿರಿ. ಇಷ್ಟು ಚೆನ್ನಾಗಿ ಹೇಳಿದವರು ಆಮೇಲೆ ನೀವೇ ಅದರ ಬಾಯಿ ಹೊಲಿದು, ಗಂಟು ಕಟ್ಟಿ ಮನೆಗೆ ಹೋದಿರಿ.

ಈ ಪತ್ರ ನಿಮಗೆ ಯಾವ ವಾರ ಸಿಗುತ್ತದೋ. ಸಿಕ್ಕಿದ ದಿನವೇ ತೆಗೆಯಿರಿ, ಸೋಮವಾರಕ್ಕೆ ಬಿಡಬೇಡಿ. ನಮ್ಮ ಮನೆಗೆ ಹೊಸ ಸೆನ್ಸರ್ ಬಂದಿದೆ, ಫಲಕ ಈಗಲೂ ಇಪ್ಪತ್ತಾರು ಎನ್ನುತ್ತಿದೆ. ನಾನು ಅದನ್ನು ನೋಡಿ ಬರೆಯುತ್ತಿಲ್ಲ. ಈಗಷ್ಟೇ ಕೂಸಿನ ಬೆನ್ನು ಮುಟ್ಟಿ ಬಂದೆ. ಒಣಗಿದೆ.

ದಾಕ್ಷಾಯಣಿ