ಗುಡಿಯ ಹಿಂದಿನ ಸೋಂಪು ಗಿಡ

ಕಾಸ್ತೆಲ್ ಫೋಸ್ಸೊ,
೨೦ ಏಪ್ರಿಲ್ ೧೯೭೧

ಪ್ರೀತಿಯ ತಮ್ಮ ಗಾಸ್ಪರೆಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಬೆಲ್ಜಿಯಂನ ಚಳಿಯಲ್ಲಿ ನೀನೂ ನಿನ್ನ ಹೆಂಡತಿಯೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅಮ್ಮ ಹೋದ ಮೇಲೆ ಬರೆಯಲು ಕೂತಾಗಲೆಲ್ಲ ನಿನ್ನ ಭಾವನನ್ನು ಬೈದೇ ಬರೆಯುವಂತಾಗುತ್ತಿತ್ತು. ಹರಿದು ಒಲೆಗೆ ಹಾಕುತ್ತಿದ್ದೆ.

ಯಾಕೆಂದು ಕೇಳು. ಅಮ್ಮನನ್ನು ಮಣ್ಣು ಮಾಡಿದ ದಿನವೇ ಹಳೆಯ ಗುಡಿಯ ಹಿಂದೆ ಯಾರೋ ಅಗೆದಿದ್ದಾರೆ. ಸಾವಿರಾರು ವರ್ಷದ ಹಿಂದೆ ಈ ನೆಲದಲ್ಲಿದ್ದ ಎಟ್ರುಸ್ಕನ್ನರು ಹರಕೆ ಒಪ್ಪಿಸಿದ ಮಣ್ಣಿನ ಕೈಕಾಲು, ತಲೆಗಳನ್ನು ಹೂತ ಗುಂಡಿ ಅಲ್ಲೆಲ್ಲೋ ಇದೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದನಲ್ಲ, ಅದಕ್ಕೇ ಕೈ ಹಾಕಿದ್ದು. ಗುಡಿ ಕಾಯುವ ಕ್ವಿರೀನೊ ಅಮ್ಮನ ಪೆಟ್ಟಿಗೆಗೆ ಹೆಗಲು ಕೊಡಲು ಬಂದಿದ್ದ. ಊರಿಗೆ ಊರೇ ಸ್ಮಶಾನದಲ್ಲಿತ್ತು. ಮರುದಿನ ಅವನು ಹೋಗಿ ನೋಡಿದರೆ ಹುಲ್ಲಿನ ಮೇಲೆ ಒಡೆದ ಮಣ್ಣಿನ ಪಾದವೊಂದು ಬಿದ್ದಿತ್ತಂತೆ.

ಊರಲ್ಲಿದ್ದೂ ಮಣ್ಣಿಗೆ ಬಾರದಿದ್ದವನು ನಿನ್ನ ಭಾವ ಎಲ್ವಿಯೊ ಒಬ್ಬನೇ. ಕುರಿ ಈಯುತ್ತಿದ್ದವು ಎಂದು ಅವನ ಮಾತು. ಒಂದು ಕಾಲದಲ್ಲಿ ಅಪ್ಪನ ಜೊತೆ ಹಳೆಯ ಗೋರಿಗಳನ್ನು ಕದ್ದು ಅಗೆಯುತ್ತಿದ್ದವನ ಮಾತನ್ನು ಯಾರು ನಂಬುತ್ತಾರೆ? ಪೊಲೀಸರು ಬಂದು ಕೊಟ್ಟಿಗೆ ಜಾಲಾಡಿದರು. ನಾನೂ ನಂಬಲಿಲ್ಲ ಗಾಸ್ಪರೆ. ಅವನ ಬೂಟಿನ ಮಣ್ಣನ್ನು ಕೆರೆದು ನೋಡಿದೆ, ಜೇಬು ಹುಡುಕಿದೆ. ನೆಲ ಚುಚ್ಚಿ ನೋಡುವ ಅಪ್ಪನ ಕಬ್ಬಿಣದ ಸಲಾಕೆ ಮನೆಯ ಕೆಳಗಿನ ಕೊಟ್ಟಿಗೆಯ ಮೂಲೆಯಲ್ಲಿ ಇರಲಿಲ್ಲ. ಕೇಳಿದರೆ, "ನಂಗೇನ್ ಗೊತ್ತೇ, ನಾನದನ್ನ ಮುಟ್ಟಿ ಎಷ್ಟ್ ವರ್ಷ ಆಯ್ತು" ಎಂದ. ಅವತ್ತಿನಿಂದ ನಮ್ಮಲ್ಲಿ ಮಾತು ನಿಂತಿತು. ಮುಂದಿನ ತಿಂಗಳು ಅವನನ್ನು ಮತ್ತೆ ಠಾಣೆಗೆ ಕರೆದಿದ್ದಾರೆ. ಈ ಸಲ ಒಳಗೆ ಹಾಕುವುದು ಖಂಡಿತ ಎಂದು ಊರಲ್ಲಿ ಮಾತು.

ಈಸ್ಟರ್ ಮರುದಿನ ಎಂದಿನಂತೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಗುಡಿಯ ಬಯಲಿಗೆ ಹೊರಟರು. ಹೋಗದಿದ್ದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ ಎಂದು ನಾವೂ ಹೋದೆವು. ಗುಡಿಯ ಮೆಟ್ಟಿಲ ಮೇಲೆ ಬಟ್ಟೆ ಹಾಸಿ ಮೊಟ್ಟೆ, ಸಲಾಮಿ, ಹಬ್ಬದ ಗಿಣ್ಣಿನ ರೊಟ್ಟಿ ಬಿಚ್ಚಿದ್ದೇ ತಡ, ಕ್ವಿರೀನೊ ಬಂದು ನಿಂತ.

"ಏನಪ್ಪಾ ಎಲ್ವಿಯೊ, ಬುತ್ತಿ ಒಂದೇ ತಂದಿದ್ಯೋ, ಗುದ್ದಲೀನೂ ತಂದಿದ್ಯೋ?"

ಅಕ್ಕಪಕ್ಕದವರು ನಕ್ಕರು. ಎಲ್ವಿಯೊ ಮೊಟ್ಟೆ ಸುಲಿಯುತ್ತಿದ್ದವನು ತಲೆ ಎತ್ತಲಿಲ್ಲ. "ಗುದ್ದಲಿ ಈ ಮೊಟ್ಟೆ ಒಳಗಿದೆ ನೋಡು, ಬಿಡಿಸ್ಕೊಡ್ತೀನಿ ತಡಿ" ಎಂದ. ನಾನು ಅಲ್ಲಿ ಕೂರಲಾರದೆ ಎದ್ದು ಗುಡಿಯ ಹಿಂದಕ್ಕೆ ಹೋದೆ.

ಅಲ್ಲಿ, ಬುಡದ ದಪ್ಪ ಕಲ್ಲುಗಳ ಆಚೆ, ಅಗೆದು ಮುಚ್ಚಿದ ಮಣ್ಣಿನ ಮೇಲೆ ಕಾಡು ಸೋಂಪಿನ ಜೋಡಿ ಗಿಡ ಚಿಗುರಿತ್ತು. ನಡುವೆ ಬೋರಲು ಹಾಕಿದ ಹೆಂಚಿನ ಚೂರು. ಬೇರೆ ಯಾರು ನೋಡಿದರೂ ಬರೀ ಗಿಡ. ಕ್ವಿರೀನೊ ದಿನಾ ಅದನ್ನು ದಾಟಿಕೊಂಡೇ ಓಡಾಡುತ್ತಾನೆ.

ಅಗೆದ ಜಾಗಕ್ಕೆ ಗಿಡ ನೆಡದೆ ಹೋದರೆ ಸತ್ತವರ ಶಾಪ ತಟ್ಟುತ್ತದೆ ಎಂದು ಅಪ್ಪ ಇಡುತ್ತಿದ್ದ ಗುರುತು ಅದು. ಆಗಿನ್ನೂ ನಮ್ಮ ಅಳಿಯನಾಗಿರದ ಎಲ್ವಿಯೊಗೆ ಮೂಟೆ ಹೊರಿಸಿ ಮುಂದೆ ಕಳಿಸಿದ ಮೇಲೆಯೇ ಗಿಡ ನೆಡುತ್ತಿದ್ದ. ಮನೆಯ ರಕ್ತಕ್ಕಷ್ಟೇ ಗೊತ್ತಿರಲಿ ಎನ್ನುತ್ತಿದ್ದ. ಬೇರು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದವರು ನಾನು ಮತ್ತು ನೀನು. ನಾನು ಅವತ್ತು ಸ್ಮಶಾನದಲ್ಲಿದ್ದೆ.

ಸುಳ್ಳಿಗೆ ಹೆದರದವನು ಶಾಪಕ್ಕೆ ಹೆದರಿದೆಯಲ್ಲೋ.

ಅವತ್ತು ಬೆಳಿಗ್ಗೆ ನೀನು ಊರಿನ ಅಂಗಡಿಗೆ ಫೋನು ಮಾಡಿ, ರಜೆ ಸಿಗಲಿಲ್ಲ, ರೈಲು ಹಿಮದಲ್ಲಿ ನಿಂತಿವೆ ಎಂದು ಅತ್ತುಬಿಟ್ಟೆ. ಬೆಲ್ಜಿಯಂನಿಂದ ನೀನು ಮಾತಾಡಿದರೆ ಯಾವಾಗಲೂ ಅರ್ಧ ಗೊರಗೊರವೇ ಕೇಳಿಸುತ್ತದೆ. ಅವತ್ತು ಮಾತ್ರ ನೀನು ಮೂಗು ಒರೆಸಿಕೊಂಡದ್ದೂ ಕೇಳಿಸಿತು. ನೀನು ಇಲ್ಲೇ ಹತ್ತಿರದಿಂದ ಮಾತಾಡುತ್ತಿದ್ದೀಯೆಂದು ದುಃಖದಲ್ಲಿ ನನಗೆ ಹೊಳೆಯಲಿಲ್ಲ. ಈಗ ಪ್ರತಿಯೊಂದೂ ಹೊಳೆಯುತ್ತಿದೆ, ಹೊಳೆದಷ್ಟೂ ಹೊಟ್ಟೆ ಉರಿಯುತ್ತಿದೆ.

ನಾನಿನ್ನೂ ಯಾರಿಗೂ ಹೇಳಿಲ್ಲ, ಎಲ್ವಿಯೊಗೂ ಹೇಳಿಲ್ಲ. ಉಗುಳಲಾರೆ, ನುಂಗಲಾರೆ. ಆದರೆ ಅವನು ಠಾಣೆಗೆ ಹೋಗುವ ದಿನ ನಾನೂ ಜೊತೆಗೆ ಹೋಗುತ್ತೇನೆ. ಅದಕ್ಕೆ ಮೊದಲು ನೀನೇ ಪೊಲೀಸರಿಗೆ ಬರೆದರೆ ಸರಿ. ಬರೆಯದಿದ್ದರೆ ಅವರನ್ನು ಕರೆದುಕೊಂಡು ಹೋಗಿ ಆ ಗಿಡ ತೋರಿಸುತ್ತೇನೆ. ಮಾಡದ ತಪ್ಪಿಗೆ ಗಂಡನನ್ನು ಒಳಗೆ ಕಳಿಸಿ ತಮ್ಮನನ್ನು ಕಾಯಲು ನನ್ನಿಂದಾಗದು.

ನಿನ್ನ ಹೆಂಡತಿಗೆ ಇದನ್ನು ಓದಿ ಹೇಳಬೇಡ. ಅವಳಿಗೆ ನನ್ನ ಪ್ರೀತಿ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಷ್ಟಾದರೂ ಹಾಗೆ ಹರಸದೆ ಇರಲು ಬರುವುದಿಲ್ಲ ನನಗೆ.

ನಿನ್ನ ಅಕ್ಕ,
ಸೆತ್ತಿಮಿಯಾ

ಮತ್ತೊಂದು ಮಾತು: ಸಾಯುವ ಹಿಂದಿನ ಮಧ್ಯಾಹ್ನ ಅಮ್ಮ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು, "ಕೆಳಗೆ ಗಾಸ್ಪರೆ ಕೆಮ್ತಾ ಇದಾನೆ, ಬಾಗ್ಲು ತೆಗಿಯೇ" ಎಂದಳು. ನಾನು ಎದ್ದೂ ನೋಡಲಿಲ್ಲ. "ಅವ್ನೆಲ್ಲಿ ಬರ್ತಾನಮ್ಮ, ಸುಮ್ನೆ ಮಲ್ಕೊ" ಎಂದು ಗದರಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಮಾತಾಡಲಿಲ್ಲ. ಪೊಲೀಸರಿಗೆ ನೀನು ಏನು ಬೇಕಾದರೂ ಬರೆದುಕೊ. ನನಗೆ ಇಷ್ಟು ಮಾತ್ರ ನಿಜ ಬರೆ: ಕೆಮ್ಮಿದ್ದು ನೀನಾ?