ಹಾರ ಹಾಕಿದ ಫೋಟೋ

ಕೊಪ್ಪ
24-11-2024

ಚಿ. ಸೌ. ಗಂಗಾಂಬಿಕೆಗೆ ನಿನ್ನ ಯಜಮಾನ ಶಾಂತವೀರಪ್ಪನ ಆಶೀರ್ವಾದಗಳು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ದೀಪಾವಳಿಗೇ ಬರೆಯಬೇಕಿತ್ತು. ಅಂಗಡಿ ತುಂಬ ಹೊಲಿಗೆ ಬಿದ್ದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ತಾಯಿಯ ಆರೈಕೆಗೆಂದು ನರಸಿಂಹರಾಜಪುರಕ್ಕೆ ಹೋದವಳು ನೀನು. ಅವರು ತೀರಿಕೊಂಡು ವರ್ಷವಾದರೂ ಬರಲಿಲ್ಲ. ಯಾಕೆಂದು ಇಂದಿಗೂ ಹೇಳಿಲ್ಲ.

ಇರಲಿ, ಸಿನಿಮಾ ಸುದ್ದಿ ಕೇಳು. ಬೇಸಿಗೆಯಲ್ಲಿ ಬಾಳಗಡಿಯ ಒಂದು ಮನೆಯಲ್ಲಿ ಶೂಟಿಂಗ್ ಆಯಿತಲ್ಲ, ಅತ್ತೆ ಸೊಸೆ ಜಗಳದ ನಗಿಸುವ ಸಿನಿಮಾ. ಅವರ ಬಟ್ಟೆ ಬಿಗಿ ಮಾಡಿಕೊಡಲು ನನ್ನನ್ನು ಕರೆದಿದ್ದರು. ಗೋಡೆಗೆ, ಕಥೆಯಲ್ಲಿ ತೀರಿಹೋದ ಯಜಮಾನನ ಫೋಟೋ ಒಂದು ಬೇಕಾಗಿತ್ತು. ಬದುಕಿರುವಾಗ ಫೋಟೋಗೆ ಹಾರ ಹಾಕಿಸಿಕೊಳ್ಳಲು ಊರಿನಲ್ಲಿ ಯಾರು ಒಪ್ಪುತ್ತಾರೆ? ನಾನು ಒಪ್ಪಿದೆ. ನಮ್ಮಿಬ್ಬರ ಫೋಟೋದಲ್ಲಿ ನಿನ್ನನ್ನು ಬಿಟ್ಟು, ನನ್ನನ್ನು ಮಾತ್ರ ದೊಡ್ಡದು ಮಾಡಿಸಿ ಗಂಧದ ಹಾರ ಹಾಕಿದರು.

"ಎಂಥಾ ಕೆಲ್ಸ ಮಾಡ್ದ್ಯ ಮಾರಾಯ! ಹೆಂಡ್ತಿ ಇರೋವಾಗ್ಲೇ ಹಾರ ಹಾಕಿಸ್ಕಳದಾ?" ಎಂದು ಪಕ್ಕದ ಅಂಗಡಿಯ ತ್ರ್ಯಂಬಕ ಬೈದ. ಅವನಿಗೇನು ಗೊತ್ತು ಗಂಗಾ? ಅದನ್ನು ಕಂಡರೆ ನೀನು ಮೊದಲ ಬಸ್ಸು ಹತ್ತಿ ಬಂದು ನನ್ನ ಗ್ರಹಚಾರ ಬಿಡಿಸುತ್ತೀಯ ಎಂದೇ ನಾನು ಒಪ್ಪಿದ್ದು.

ನನ್ನ ಹೆಂಡತಿಯ ಪಾತ್ರ ಮಾಡಿದ ಅಮ್ಮ ಫೋಟೋದ ಮುಂದೆ ನಿಂತು, "ನೀವು ಆರಾಮಾಗಿ ಹೋಗ್ಬಿಟ್ರಿ, ಇವ್ರನ್ನೆಲ್ಲ ನನ್ನ ತಲೆಗೆ ಕಟ್ಟಿ!" ಎಂದು ರೇಗುತ್ತಿದ್ದರು. ಕ್ಯಾಮೆರಾದ ಹಿಂದೆ ನಿಂತು ನಾನು ಬೈಸಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ಖುಷಿಯಾಗುತ್ತಿತ್ತು. ಮಗ, ಸೊಸೆ, ಮೊಮ್ಮಗಳ ಪಾತ್ರದವರೆಲ್ಲ "ಅಪ್ಪಾಜಿ" ಎಂದು ಕರೆದು ಊಟಕ್ಕೆ ನಡುವೆ ಕೂರಿಸಿಕೊಳ್ಳುತ್ತಿದ್ದರು. ಕೆಲಸ ಮುಗಿದ ಸಂಜೆ ಎಲ್ಲರೂ ವ್ಯಾನ್ ಹತ್ತಿದರು. ಮಾರನೆಯ ದಿನ ನನ್ನೊಬ್ಬನಿಗೆ ಅಂತ ಅನ್ನಕ್ಕಿಡಲು ಮನಸ್ಸೇ ಬರಲಿಲ್ಲ.

ಸಿನಿಮಾ ಬಂದ ಮೇಲೆ ಭಂಡಿಗಡಿಯ ಕಮಲಕ್ಕ ನಿಜವೆಂದುಕೊಂಡು ಅಳುತ್ತಾ ಅಂಗಡಿಗೆ ಬಂದಳು. ನಾನೇ ನೀರು ಕೊಟ್ಟು ಕೂರಿಸಿದೆ! ಶೃಂಗೇರಿಯಿಂದಲೂ ಯಾರ್ಯಾರೋ ಫೋನ್ ಮಾಡಿ ವಿಚಾರಿಸಿದರು. ನಿನ್ನದು ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದೆ.

ಚಳಿ ಶುರುವಾಗಿದೆ, ಬೆಳಗ್ಗೆ ತಣ್ಣೀರು ಮುಟ್ಟಬೇಡ. ಜಗದ್ಗುರು ರೇಣುಕರ ದಯೆ ನಿನ್ನ ಮೇಲಿರಲಿ.

ನಿನ್ನ
ಶಾಂತವೀರಪ್ಪ

ತಾ.ಕ.: ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ವೀರೇಶ್ ಸಿಕ್ಕಿದ್ದ. ನೀನೂ ಅವನ ಜೊತೆ ಸಿನಿಮಾ ನೋಡಿದೆಯಂತೆ. ನನ್ನ ಫೋಟೋ ಬಂದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅದ್ಯಾರು?" ಎಂದು ನಿನ್ನನ್ನು ಕೇಳಿದರಂತೆ. "ಯಾರೋ ಸಿನಿಮಾದವ್ರು" ಅಂದೆಯಂತೆ.